75ರಲ್ಲೇ ನಿಂತ ತೂಕ: ಕೈಬಿಡುವ ಮೊದಲು ಇಷ್ಟು ಮಾಡಿ ನೋಡಿ

ಕಳೆದ ವರ್ಷ ಯುಗಾದಿ ಹೊತ್ತಿಗೆ ನನ್ನ ತೂಕ 82 ಕಿಲೋ. ಶ್ರಾವಣ ಹತ್ತಿರ ಬರುವಷ್ಟರಲ್ಲಿ 75ಕ್ಕೆ ಇಳಿದಿತ್ತು. ಆಮೇಲೆ ಏಳು ವಾರ ಅಲ್ಲೇ ನಿಂತಿತು. ಬೆಳಿಗ್ಗೆ ಎದ್ದು ಮಷೀನ್ ಮೇಲೆ ನಿಂತರೆ 75.2, ಮರುದಿನ 74.9, ಅದರ ಮರುದಿನ 75.4. ಆ ಅಂಕಿ ನೋಡಿದ ಮೇಲೆ ಇಡೀ ದಿನ ಯಾವ ಕೆಲಸದಲ್ಲೂ ಮನಸ್ಸು ಇರುತ್ತಿರಲಿಲ್ಲ. ಇಷ್ಟೆಲ್ಲ ಮಾಡಿ ಏನು ಬಂತು ಅನಿಸಿ, ಒಂದು ಸಂಜೆ ಧಾರವಾಡದ ಸುಭಾಸ ರಸ್ತೆಯಲ್ಲಿ ಬಿಸಿ ಮಿರ್ಚಿ ಭಜಿ ಬಂಡಿ ಮುಂದೆ ನಿಂತು, ಇನ್ನು ಸಾಕು ಎಂದು ತೀರ್ಮಾನವನ್ನೂ ಮಾಡಿದ್ದೆ.

ಆದರೆ ಬಿಡಲಿಲ್ಲ. ಬಿಡದೇ ಇರಲು ಏನೇನು ನೆರವಾಯಿತೋ ಅದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಓದಿ ತಿಳಿದದ್ದು, ಕೇಳಿ ತಿಳಿದದ್ದು, ಮಾಡಿ ನೋಡಿದ್ದು ಇಷ್ಟೇ ನನ್ನ ಬಂಡವಾಳ. ನಿಮ್ಮ ತೂಕವೂ ಎಲ್ಲೋ ನಿಂತಿದ್ದರೆ, ನಿಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳಬೇಡಿ. ತೂಕ ಇಳಿಸಿದ ಬಹುತೇಕ ಎಲ್ಲರಿಗೂ ಈ ಜಾಗ ಬಂದೇ ಬರುತ್ತದೆ.

ಮೊದಲ ಹೆಜ್ಜೆ: ನಿಜವಾಗಿ ನಿಂತಿದೆಯಾ ನೋಡಿ

ಮೈಯಲ್ಲಿ ನೀರು ಏರಿಳಿಯುತ್ತಲೇ ಇರುತ್ತದೆ. ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದಿರಿ, ಮರುದಿನ ಒಂದು ಕಿಲೋ ಹೆಚ್ಚು ತೋರಿಸಬಹುದು. ಮುಟ್ಟಿನ ದಿನಗಳ ಹಿಂದೆಮುಂದೆ ಹಾಗೆಯೇ. ಎರಡು ದಿನ ಹೊಟ್ಟೆ ಸರಿಯಾಗಿ ಕಳೆಯದಿದ್ದರೂ ಹಾಗೆಯೇ. ಹೊಸದಾಗಿ ವ್ಯಾಯಾಮ ಶುರು ಮಾಡಿ ಮೈಕೈ ನೋವು ಬಂದಾಗಲೂ ಸ್ನಾಯುಗಳು ಕೆಲವು ದಿನ ನೀರು ಹಿಡಿದಿಟ್ಟುಕೊಳ್ಳುತ್ತವೆ. ಇದು ಯಾವುದೂ ಕೊಬ್ಬು ಅಲ್ಲ.

ಅದಕ್ಕೇ ಒಂದು ದಿನದ ಅಂಕಿಯನ್ನು ನಂಬಬೇಡಿ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಚಹಾ ಕುಡಿಯುವ ಮೊದಲು, ಮಷೀನನ್ನು ಗಟ್ಟಿ ನೆಲದ ಮೇಲೆ ಒಂದೇ ಜಾಗದಲ್ಲಿ ಇಟ್ಟು ನೋಡಿ. ಜಮಖಾನೆ ಮೇಲೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಏಳು ದಿನದ್ದು ಬರೆದು, ಕೂಡಿಸಿ, ಏಳರಿಂದ ಭಾಗಿಸಿ. ಈ ವಾರದ ಸರಾಸರಿಯನ್ನು ಹೋದ ವಾರದ ಸರಾಸರಿ ಜೊತೆ ಹೋಲಿಸಿ. ನಾಲ್ಕು ವಾರ ಆದರೂ ಸರಾಸರಿ ಕದಲದಿದ್ದರೆ ಆಗ ನಿಂತಿದೆ ಅನ್ನಿ. ಎರಡು ವಾರಕ್ಕೇ ಗಾಬರಿ ಬೇಡ. ದಿನಾ ನೋಡಿದರೆ ಮನಸ್ಸು ಕೆಡುತ್ತದೆ ಅನ್ನುವವರು ವಾರಕ್ಕೆ ಒಂದೇ ಸಲ ನೋಡಲಿ, ಆದರೆ ಪ್ರತಿ ವಾರ ಅದೇ ದಿನ, ಅದೇ ಹೊತ್ತು ಇರಲಿ.

ಶುರುವಿನ ಇಳಿಕೆಯ ವೇಗವನ್ನು ಮನಸ್ಸಿನಿಂದ ತೆಗೆದುಬಿಡಿ. ಮೊದಲ ಒಂದೆರಡು ವಾರ ಸರಸರ ಇಳಿದದ್ದರಲ್ಲಿ ದೊಡ್ಡ ಪಾಲು ನೀರು. ಮೈ ತನ್ನ ಸಕ್ಕರೆ ದಾಸ್ತಾನನ್ನು ಗ್ಲೈಕೊಜೆನ್ ರೂಪದಲ್ಲಿ ಇಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ದಾಸ್ತಾನು ಕರಗಿದಾಗ ನೀರೂ ಹೋಗುತ್ತದೆ. ಆ ವೇಗ ಮತ್ತೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಎರಡನೆಯದು: ಯಾಕೆ ನಿಂತಿತು ಅಂತ ತಿಳಿದುಕೊಳ್ಳಿ

ನನಗೆ ಎಲ್ಲಕ್ಕಿಂತ ಜಾಸ್ತಿ ಸಮಾಧಾನ ಕೊಟ್ಟದ್ದು ಇದೇ. 82 ಕಿಲೋ ಮೈ ಹೊತ್ತು ನಡೆಯಲು ಬೇಕಾಗುವ ಶಕ್ತಿ 75 ಕಿಲೋ ಮೈಗೆ ಬೇಡ. ಅಷ್ಟೇ ದೂರ ನಡೆದರೂ ಖರ್ಚು ಕಡಿಮೆ. ಇದು ಸಣ್ಣ ಕಾರಣ. ದೊಡ್ಡ ಕಾರಣ ಹಸಿವು.

2016ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಲೆಕ್ಕ ಹಾಕಿದರು. ಇಳಿದ ಪ್ರತಿ ಕಿಲೋಗೆ ಮೈಯ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ, ಆದರೆ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚುತ್ತದೆ. ನನ್ನ ಏಳು ಕಿಲೋಗೆ ಹಾಕಿ ನೋಡಿ. ದಿನಾ ಸುಮಾರು 700 ಕ್ಯಾಲೊರಿಯಷ್ಟು ಜಾಸ್ತಿ ತಿನ್ನು ಅಂತ ಮೈ ಒಳಗಿಂದ ದೂಡುತ್ತಿರುತ್ತದೆ, ಅಷ್ಟರ ನಡುವೆಯೂ ನಾನು 75ರಲ್ಲೇ ಇದ್ದೆ, ಮತ್ತೆ 82ಕ್ಕೆ ಹೋಗಿರಲಿಲ್ಲ. ಇದನ್ನು ಓದಿದ ದಿನ ನನಗೆ ಅಳು ಬಂತು. ಸುಮ್ನೆ ಕೂತಿದ್ದೇನೆ ಅಂದುಕೊಂಡಿದ್ದ ಏಳು ವಾರ ನಾನು ದಿನಾ ದುಡಿದಿದ್ದೆ.

ಮೂರನೆಯದು: ಒಂದು ವಾರ, ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ

ಹಸಿವು ಹೆಚ್ಚಾಗುವುದು ನಮಗೆ ಗೊತ್ತಾಗುವುದಿಲ್ಲ. ಇನ್ನೊಂದು ರೊಟ್ಟಿ ಹಾಕು ಅಂತ ಅದು ಕೂಗುವುದಿಲ್ಲ, ಕೈಯನ್ನು ಮೆಲ್ಲಗೆ ಡಬ್ಬಿ ಕಡೆ ಒಯ್ಯುತ್ತದೆ. ನಾನು ಮೊದಲಿನಷ್ಟೇ ತಿನ್ನುತ್ತಿದ್ದೇನೆ ಎಂದು ದೇವರ ಆಣೆ ಮಾಡಿ ಹೇಳುತ್ತಿದ್ದೆ. ನೋಟ್‌ಬುಕ್ ಬೇರೆಯೇ ಹೇಳಿತು.

ಅಡುಗೆ ಮಾಡುತ್ತಾ ಒಂದು ಮುಷ್ಟಿ ಹುರಿದ ಶೇಂಗಾ. 30 ಗ್ರಾಂ ಶೇಂಗಾದಲ್ಲಿ ಸುಮಾರು 170 ಕ್ಯಾಲೊರಿ ಇರುತ್ತದೆ. ರೊಟ್ಟಿ ಎರಡೇ, ಸರಿ, ಆದರೆ ಪಕ್ಕಕ್ಕೆ ಶೇಂಗಾ ಹಿಂಡಿ (ಚಟ್ನಿಪುಡಿ), ಹಿಂಡಿ ಮೇಲೆ ಎಣ್ಣೆ. ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ, ಅದು ಶೇಂಗಾ ಎಣ್ಣೆ ಇರಲಿ, ಕುಸುಬಿ ಎಣ್ಣೆ ಇರಲಿ ಒಂದೇ. ಬದನೆಕಾಯಿ ಎಣಗಾಯಿಗೆ ಎಣ್ಣೆಯನ್ನು ನಾವು ಯಾವತ್ತಾದರೂ ಅಳೆದು ಹಾಕಿದ್ದೇವಾ? ಡಬ್ಬಿ ಬಗ್ಗಿಸುವುದೇ ಅಲ್ವಾ. ದಿನಕ್ಕೆ ನಾಲ್ಕು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಬರೀ ಆ ಸಕ್ಕರೆಯೇ 150 ಕ್ಯಾಲೊರಿ ಹತ್ತಿರ ಬರುತ್ತದೆ. ಮಗಳ ತಾಟಿನಲ್ಲಿ ಉಳಿದದ್ದು, ಚೆಲ್ಲಬಾರದು ಅಂತ ನನ್ನ ಬಾಯಿಗೆ.

ಅದರ ಮೇಲೆ ಪಂಚಮಿ ಹಬ್ಬ. ನಮ್ಮ ಕಡೆ ಪಂಚಮಿ ಅಂದರೆ ಒಂದು ದಿನದ್ದಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ತಂಬಿಟ್ಟು, ತವರಿಂದ ಬಂದದ್ದು, ಓಣಿಯವರು ಕೊಟ್ಟದ್ದು, ಡಬ್ಬಿ ಖಾಲಿಯಾಗುವವರೆಗೂ ಹಬ್ಬ ನಡೆಯುತ್ತದೆ. ಬೇಡ ಅಂದರೆ, "ಒಂದ್ ಉಂಡಿಗೆ ಏನಾಗ್ತದ್ರೀ ಅಕ್ಕಾರ, ತಗೋರಿ" ಅನ್ನುತ್ತಾರೆ, ಪ್ರೀತಿಯಿಂದಲೇ.

ಉಂಡಿ ಬಿಡಿ ಅಂತ ನಾನು ಹೇಳುವುದಿಲ್ಲ. ವರ್ಷದ ಹಬ್ಬ, ತಿನ್ನಬೇಕು. ನಾನು ಮಾಡಿದ್ದು ಇಷ್ಟು: ಮಧ್ಯಾಹ್ನ ಊಟ ಆದ ಮೇಲೆ ತಾಟಿಗೇ ಒಂದು ಉಂಡಿ ಹಾಕಿಕೊಂಡು, ಕೂತು ತಿನ್ನುವುದು. ನಿಂತುಕೊಂಡು ಡಬ್ಬಿಗೆ ಕೈ ಹಾಕುವುದು ಬಂದ್. ಶೇಂಗಾ ಡಬ್ಬಿ ಮೇಲಿನ ಹಲಗೆಗೆ ಹೋಯಿತು. ಎಣ್ಣೆ ಡಬ್ಬಿಯಲ್ಲಿ ಚಮಚ ಬಂತು, ಮನೆಮಂದಿಗೆಲ್ಲ ದಿನಕ್ಕೆ ಎಷ್ಟು ಅಂತ ಬೆಳಿಗ್ಗೆಯೇ ಒಂದು ವಾಟಿಗೆ ತೆಗೆದಿಡುವುದು. ಚಹಾ ಎರಡಕ್ಕೆ ಇಳಿಯಿತು, ಸಕ್ಕರೆ ಒಂದೊಂದು ಚಮಚ. ಬರೆಯುವಾಗ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಬೈಗುಳ ಶುರುವಾದರೆ ಮೂರನೇ ದಿನಕ್ಕೆ ಬರೆಯುವುದು ನಿಂತುಹೋಗುತ್ತದೆ.

ನಾಲ್ಕನೆಯದು: ಊಟ ಕಡಿಯಬೇಡಿ

ತೂಕ ನಿಂತಾಗ ಎಲ್ಲರ ತಲೆಗೂ ಮೊದಲು ಬರುವುದು ರಾತ್ರಿ ಊಟ ಬಿಡುವ ವಿಚಾರ. ನಾನೂ ಶ್ರಾವಣ ಸೋಮವಾರದ ಒಪ್ಪತ್ತನ್ನು ವಾರಕ್ಕೆ ಮೂರು ದಿನ ಮಾಡಿ ನೋಡಿದೆ. ಹಗಲೆಲ್ಲ ಹಸಿದು, ಸಂಜೆ ಶೇಂಗಾ ಪುಡಿ ಸುರಿದ ಸಾಬೂದಾಣಿ ಖಿಚಡಿ ಎರಡು ತಾಟು. ಲೆಕ್ಕ ಅಲ್ಲಿಗಲ್ಲಿಗೇ ಆಯಿತು, ಸಿಟ್ಟು ಮಾತ್ರ ಮನೆಯವರ ಮೇಲೆ.

1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಅವರ ಮೈ ಖರ್ಚು ಇಳಿಯಿತು, ಚಳಿ ಹೆಚ್ಚಾಯಿತು, ಮನಸ್ಸು ಕುಗ್ಗಿತು, ಹಗಲು ರಾತ್ರಿ ಊಟದ್ದೇ ಧ್ಯಾನ, ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರಂತೆ. ಗಟ್ಟಿ ಯುವಕರಿಗೇ ಹೀಗಾದರೆ, ಮನೆ, ನೌಕರಿ ಎರಡೂ ನೋಡಿಕೊಳ್ಳುವ ನಾವು ಅದನ್ನು ಯಾಕೆ ತಲೆ ಮೇಲೆ ಎಳೆದುಕೊಳ್ಳಬೇಕು?

ಕಡಿಯುವ ಬದಲು ತಾಟನ್ನು ಬದಲಿಸಿ. ಕಾಳು ಜಾಸ್ತಿ ಮಾಡಿ. ಮೊಳಕೆ ಬಂದ ಹೆಸರುಕಾಳು, ಮಡಿಕೆಕಾಳು ಪಲ್ಯ, ಝುಣಕ, ಮೊಸರು, ತಿನ್ನುವವರಾದರೆ ಮೊಟ್ಟೆ. ನಮ್ಮ ದೇಶದ ಶಿಫಾರಸಿನ ಪ್ರಕಾರ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ನನ್ನ ತೂಕಕ್ಕೆ ಸುಮಾರು 62 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ. ಬರೀ ರೊಟ್ಟಿ, ತಿಳಿ ಸಾರು, ಅನ್ನದಿಂದ ಅದು ತುಂಬುವುದು ಕಷ್ಟ. ಊಟದ ಮೊದಲು ಹಸಿ ಸೌತೆಕಾಯಿ, ಮೂಲಂಗಿ, ಮೆಂತ್ಯ ಸೊಪ್ಪು ಕಡಿಯುವ ನಮ್ಮ ಹಳೇ ರೂಢಿಯನ್ನು ಬಿಟ್ಟಿದ್ದರೆ ಮತ್ತೆ ತನ್ನಿ, ಹೊಟ್ಟೆ ತುಂಬಿದ ಹಾಗೆ ಇರುತ್ತದೆ.

ನಿದ್ದೆಯೂ ಊಟದಷ್ಟೇ ಮುಖ್ಯ. ರಾತ್ರಿ ಐದು ತಾಸು ಮಲಗಿದ ಮರುದಿನ ಸಿಹಿ, ಕರಿದದ್ದು ಕಡೆ ಮನಸ್ಸು ಎಳೆಯುವುದನ್ನು ನೀವೇ ಗಮನಿಸಿ ನೋಡಿ. ಏಳು ತಾಸು ಮಲಗಿ.

ಐದನೆಯದು: ನೋಡುವ ಅಂಕಿಯನ್ನೇ ಬದಲಿಸಿ

ಏನೇ ಮಾಡಿದರೂ ತೂಕ ಕೆಲವು ವಾರ ಕದಲದೇ ಇರಬಹುದು. ಆ ವಾರಗಳಲ್ಲಿ ಮನಸ್ಸಿಗೆ ಹಿಡಿದುಕೊಳ್ಳಲು ಬೇರೆ ಏನಾದರೂ ಬೇಕು.

ಟೇಲರ್ ಟೇಪು ತನ್ನಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲ್ತುದಿ, ಇವೆರಡರ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಭಾರತೀಯರಿಗೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಬಾರದು ಎನ್ನುತ್ತಾರೆ. ನನ್ನ ತೂಕ ನಿಂತ ಆ ಏಳು ವಾರದಲ್ಲಿ ಸೊಂಟ 3 ಸೆಂಟಿಮೀಟರ್ ಇಳಿದಿತ್ತು. ಮೊದಲು ಅಳೆದಿಟ್ಟಿದ್ದೆ, ಆಮೇಲೆ ಟೇಪು ಮರೆತೇ ಹೋಗಿತ್ತು.

ಇನ್ನು ಎರಡು ಅಧ್ಯಯನಗಳ ಮಾತು ಹೇಳಲೇಬೇಕು. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ಶೇ 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ಮೈ ದುಡಿಸುವ ಗುರಿ ಕೊಟ್ಟಿದ್ದರು. 2002ರಲ್ಲಿ ಬಂದ ಫಲಿತಾಂಶದಂತೆ ಅವರಲ್ಲಿ ಕಾಯಿಲೆ ಬರುವುದು ಶೇ 58ರಷ್ಟು ಕಡಿಮೆಯಾಗಿತ್ತು. 82 ಕಿಲೋದ ಶೇ 7 ಅಂದರೆ 5.7 ಕಿಲೋ. ನಾನು ಅದನ್ನು ಆಗಲೇ ದಾಟಿದ್ದೆ! ಎರಡನೆಯದು ನಮ್ಮ ಚೆನ್ನೈನದ್ದು, 2006ರಲ್ಲಿ ಪ್ರಕಟವಾದದ್ದು. ಅಲ್ಲಿ ಊಟ, ನಡಿಗೆ ಬದಲಿಸಿಕೊಂಡವರ ತೂಕ ಹೇಳಿಕೊಳ್ಳುವಂತೆ ಇಳಿದಿರಲಿಲ್ಲ, ಆದರೂ ಸಕ್ಕರೆ ಕಾಯಿಲೆ ಬರುವುದು ಶೇ 28.5ರಷ್ಟು ಕಡಿಮೆಯಾಯಿತು. ಮಷೀನ್ ತೋರಿಸದ ಲಾಭ ಒಳಗೆ ನಡೆದಿರುತ್ತದೆ. ನಿಮ್ಮ ರಕ್ತದ ಸಕ್ಕರೆ, ಬಿಪಿ ಹಳೇ ಚೀಟಿ ಇದ್ದರೆ ಈಗ ಮತ್ತೆ ಪರೀಕ್ಷೆ ಮಾಡಿಸಿ ಪಕ್ಕ ಪಕ್ಕ ಇಟ್ಟು ನೋಡಿ.

ಆರನೆಯದು: ನಡಿಗೆಗೆ ಹೊಸ ಕೆಲಸ ಸೇರಿಸಿ

ಶ್ರಾವಣದಲ್ಲಿ ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತೇ ಇದೆ. ಕೆಲಗೇರಿ ಕೆರೆ ಕಡೆ ಹೋಗುವುದು ವಾರಕ್ಕೆ ಆರು ದಿನದಿಂದ ಎರಡು ದಿನಕ್ಕೆ ಇಳಿದದ್ದೂ ನೋಟ್‌ಬುಕ್ ಬರೆದ ಮೇಲೆಯೇ ಕಂಡದ್ದು. ಮಳೆಯ ದಿನಕ್ಕೆ ಬೇರೆ ದಾರಿ ಮೊದಲೇ ಇಟ್ಟುಕೊಳ್ಳಿ. ನಾನು ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವುದು ಚಿಗರಿ ಬಸ್ಸಿನಲ್ಲಿ. ಬರುವಾಗ ಎರಡು ನಿಲ್ದಾಣ ಮೊದಲೇ ಇಳಿದು ಕೊಡೆ ಹಿಡಿದು ನಡೆಯಲು ಶುರು ಮಾಡಿದೆ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ದಂಡೆ ಇದೆ, ಏರು ಬೇಕಾದರೆ ನೃಪತುಂಗ ಬೆಟ್ಟ ಇದೆ.

ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರ ಬೀಳುವ ಕೆಲಸ ಮಾಡಿ. ಬೈಠಕ್, ಗೋಡೆಗೆ ಕೈ ಊರಿ ದಂಡ, ಎರಡು ಲೀಟರ್ ಬಾಟಲಿಗೆ ನೀರು ತುಂಬಿ ಎತ್ತುವುದು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದನ್ನು ಉಳಿಸಿಕೊಳ್ಳಲು ಇದೇ ದಾರಿ. ಮೊಣಕಾಲು ನೋವು ಇರುವವರು ಡಾಕ್ಟರನ್ನು ಕೇಳಿ ಮಾಡಿ.

ಏಳನೆಯದು: ನಾಲ್ಕು ವಾರ, ಇಳಿಸಬೇಡಿ, ಹಿಡಿದಿಡಿ

ಇದು ನನ್ನ ಅಭಿಪ್ರಾಯ, ಎಲ್ಲರೂ ಒಪ್ಪಬೇಕಿಲ್ಲ. ತೀರಾ ದಣಿದಿದ್ದರೆ ಕ್ಯಾಲೆಂಡರಿನಲ್ಲಿ ನಾಲ್ಕು ವಾರ ಗುರುತು ಹಾಕಿ, ಈ ನಾಲ್ಕು ವಾರ ತೂಕ ಏರದಂತೆ ನೋಡಿಕೊಳ್ಳುವುದಷ್ಟೇ ಗುರಿ ಎಂದು ಬರೆಯಿರಿ. ಮುಂದೆ ಜೀವನವಿಡೀ ಮಾಡಬೇಕಾದದ್ದು ಅದನ್ನೇ ಅಲ್ವಾ, ಈಗಲೇ ಕಲಿತ ಹಾಗಾಯಿತು. ದಿನಾ ಸೋಲುತ್ತಿದ್ದೇನೆ ಅನ್ನುವ ಭಾವ ಹೋದದ್ದೇ ನನ್ನ ಮೈಗೆ ಒಂದು ಹಗುರ ಬಂತು.

ಜೊತೆಗೆ ಒಬ್ಬರು ಬೇಕು. ಹಾವೇರಿಯಲ್ಲಿರುವ ನಮ್ಮ ವೈನಿ (ಅತ್ತಿಗೆ) ಪ್ರತಿ ಭಾನುವಾರ ಫೋನ್ ಮಾಡಿ, "ಎಷ್ಟ್ ಇಳದಿ?" ಅಂತ ಕೇಳುತ್ತಿದ್ದರು. ತೂಕ ನಿಂತ ಮೇಲೆ ಆ ಫೋನ್ ಎತ್ತಲು ಹೆದರಿಕೆ. ಕೊನೆಗೆ ಅವರಿಗೇ ಹೇಳಿದೆ, ಅದನ್ನು ಕೇಳಬೇಡಿ ವೈನಿ, ಎಷ್ಟು ದಿನ ನಡೆದೆ ಅಂತ ಕೇಳಿ. ಈಗ "ಈ ವಾರ ಎಷ್ಟ್ ದಿನ ನಡದಿ?" ಅನ್ನುತ್ತಾರೆ. ಐದು ಅಂತ ಹೇಳಲು ನನ್ನ ಕೈಯಲ್ಲಿದೆ. ತೂಕ ನನ್ನ ಕೈಯಲ್ಲಿಲ್ಲ.

ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು

ಎರಡು ಮೂರು ತಿಂಗಳು ಇಷ್ಟೆಲ್ಲ ಮಾಡಿದರೂ ತೂಕ ಕದಲದಿದ್ದರೆ, ಅಥವಾ ತಿನ್ನುವುದು ಬದಲಾಗದೇ ತೂಕ ಏರುತ್ತಿದ್ದರೆ ಹೋಗಿ. ಯಾವಾಗಲೂ ದಣಿವು, ಚಳಿ ತಾಳದಿರುವುದು, ಕೂದಲು ಉದುರುವುದು, ಮುಟ್ಟು ಏರುಪೇರಾಗುವುದು ಇದ್ದರೆ ಕಾಯಬೇಡಿ, ಥೈರಾಯ್ಡ್, ಪಿಸಿಓಡಿ (ಅಂಡಾಶಯದ ತೊಂದರೆ) ನೋಡಿಸಿ. ಸ್ಟೆರಾಯ್ಡ್, ಇನ್ಸುಲಿನ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ತೂಕ ಏರಬಹುದು, ಆದರೆ ನೀವೇ ನಿಲ್ಲಿಸಬೇಡಿ, ಕೇಳಿ. ಹೋಗುವಾಗ ಆ ನೋಟ್‌ಬುಕ್ ಜೊತೆಗೆ ಒಯ್ಯಿರಿ. ವಾರದ ಸರಾಸರಿ, ಸೊಂಟದ ಅಳತೆ, ತಿಂದದ್ದು, ನಡೆದದ್ದು ಎಲ್ಲ ಅದರಲ್ಲಿ ಇದ್ದರೆ, ಕಡಿಮೆ ತಿನ್ನಿ ಎಂಬ ಒಂದೇ ಮಾತಿಗೆ ಭೇಟಿ ಮುಗಿಯುವುದಿಲ್ಲ.