ಬುಲ್‌ಡಾಗ್ ತರುವ ಮೊದಲು ನಾನು ಕೇಳಿಸಿಕೊಂಡಿದ್ದು

"ಲೇ ತಮ್ಮಾ, ಈ ನಾಯಿ ಎಚ್ಚರ ಇದ್ದಾಗೂ ಗೊರಕಿ ಹೊಡಿತೈತಲ್ಲೋ" ಅಂದಳು ಅವ್ವ.

ಬೆಳಗಾವಿಯಿಂದ ಒಂದೂವರೆ ತಾಸು ದೂರದ ಊರು. ಬುಲ್‌ಡಾಗ್ ಮರಿ ಮಾರುವವರ ಅಂಗಳದಲ್ಲಿ ನಿಂತಿದ್ದೆವು. ಮಗಳ ತೊಡೆಯ ಮೇಲೆ ಎರಡು ಮರಿ, ನನ್ನ ಜೇಬಿನಲ್ಲಿ ಮುಂಗಡದ ದುಡ್ಡು. ಅವ್ವ ಮಾತ್ರ ಮರಿಗಳ ಕಡೆ ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿ ಕಟ್ಟಿದ್ದ ತಾಯಿ ನಾಯಿಯನ್ನೇ ನೋಡುತ್ತ ಕೂತಿದ್ದಳು. ಡಿಸೆಂಬರ್ ಮುಂಜಾನೆ, ಒಳ್ಳೇ ಚಳಿ. ಓಡಿಲ್ಲ, ಆಡಿಲ್ಲ, ಸುಮ್ನೆ ಕೂತ ನಾಯಿ ಅದು. ಆದರೂ ಗರ್ ಗರ್ ಅಂತ ಸದ್ದು. ಮಾರುವವರು ನಕ್ಕರು. "ಬುಲ್‌ಡಾಗ್ ಅಂದ್ರ ಹಂಗ ಇರತಾವ್ರೀ ಅಜ್ಜಿ. ಅದು ನಾರ್ಮಲ್."

ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಶಾಪಿನಲ್ಲಿ ಇನ್ಸ್‌ಪೆಕ್ಷನ್ ನೋಡಿಕೊಳ್ಳುವವನು. ಫೌಂಡ್ರಿಯಿಂದ ಬಂದ ಕಾಸ್ಟಿಂಗ್‌ಗಳನ್ನು, ಅಂದರೆ ಎರಕ ಹೊಯ್ದ ಲೋಹದ ಭಾಗಗಳನ್ನು ಅಳೆಯುವುದು, ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುವುದು ನನ್ನ ಕೆಲಸ. ಗಂಟೆಯ ಹಾಗೆ ನಾದ ಬಂದರೆ ಸರಿ. ಮಂಕು ಸದ್ದು ಬಂದರೆ ಒಳಗೆ ಎಲ್ಲೋ ಸೀಳಿದೆ ಅಂತ ಪಕ್ಕಕ್ಕಿಡುತ್ತೇವೆ. "ಅದು ನಾರ್ಮಲ್" ಅಂತ ಸಪ್ಲೈಯರ್ ಹೇಳಿದರೆ ನಾವು ಒಪ್ಪುತ್ತೇವಾ? ಇಪ್ಪತ್ತು ವರ್ಷ ಹೀಗೆ ಕೇಳಿದ ಕಿವಿ ನನ್ನದು. ಆದರೂ ಆ ದಿನ ಕೇಳಿಸಿದ್ದು ಅವ್ವನಿಗೆ. ಅವಳ ತವರು ಮುಧೋಳದ ಕಡೆ. ಉದ್ದ ಮೂತಿಯ, ತೆಳ್ಳಗಿನ ಬೇಟೆ ನಾಯಿಗಳ ನಡುವೆ ಬೆಳೆದವಳು. ಅವು ಮೊಲದ ಹಿಂದೆ ಓಡಿ ಬಂದರೂ ಇಷ್ಟು ಸದ್ದು ಮಾಡುತ್ತಿರಲಿಲ್ಲವಂತೆ.

ಮುಂಗಡ ಕೊಡಲಿಲ್ಲ. ಮಗಳು ಮನೆ ತಲುಪುವವರೆಗೂ ಅತ್ತಳು. ಅಲ್ಲಿಂದ ಹನ್ನೊಂದು ತಿಂಗಳು ನಾನು ಮಾಡಿದ್ದು ಈ ಒಂದು ನಾಯಿಯ ವಿಚಾರಣೆ.

ಮೊದಲು ನಮಗೆ ಗೊತ್ತಿರುವ ಪಶುವೈದ್ಯರ ಹತ್ತಿರ ಹೋದೆ. ಅವರು ದಿನಾ ನೋಡುವುದು ಎಮ್ಮೆ, ಆಕಳು. ನಾಯಿ ಅಂದರೂ ಆಸಕ್ತಿಯಿಂದ ಕೂರಿಸಿಕೊಂಡು ಹೇಳಿದರು. ಈ ಜಾತಿಯಲ್ಲಿ ಗಿಡ್ಡ ಮುಖ ಬೇಕು ಅಂತ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಬಂದರು. ತಲೆಬುರುಡೆ ಗಿಡ್ಡ ಆಯ್ತು, ಒಳಗಿನ ಮಾಂಸ ಅಷ್ಟೇ ಉಳಿಯಿತು. ದೊಡ್ಡ ಗಾದಿಯ ಅರಳೆಯನ್ನು ಸಣ್ಣ ದಿಂಬಿಗೆ ತುರುಕಿದ ಹಾಗೆ. ಮೂಗಿನ ಹೊಳ್ಳೆ ಸೀಳಿನಷ್ಟು ಕಿರಿದು. ಬಾಯೊಳಗಿನ ಅಂಗುಳದ ಹಿಂಭಾಗ ಉದ್ದವಾಗಿ ಗಂಟಲ ದಾರಿಗೆ ಜೋತು ಬೀಳುತ್ತದೆ. ಕೆಲವಕ್ಕೆ ಶ್ವಾಸನಾಳವೇ ಸಪೂರ. ಇಂಗ್ಲಿಷಿನಲ್ಲಿ ಇದಕ್ಕೆ ಉದ್ದನೆಯ ಹೆಸರಿದೆ, ಚಿಕ್ಕದಾಗಿ ಬೋಆಸ್ ಅನ್ನುತ್ತಾರೆ. ಜಾಸ್ತಿ ಇದ್ದರೆ ಹೊಳ್ಳೆ ಅಗಲ ಮಾಡಿ, ಅಂಗುಳ ಕತ್ತರಿಸುವ ಆಪರೇಷನ್ ಮಾಡಬೇಕು. ಇಂಥ ನಾಯಿಗೆ ಅರಿವಳಿಕೆ ಕೊಡುವುದೇ ಒಂದು ಗಂಡಾಂತರ.

"ಬ್ಯಾಸಗಿ ಬಗ್ಗೆ ವಿಚಾರ ಮಾಡೀರಿ?" ಅಂತ ಅವರು ಕೇಳಿದ್ದು ತಲೆಯಲ್ಲಿ ಕೂತಿತು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ತೇಕುವುದೇ ಅದರ ಕೂಲರ್. ಆರೋಗ್ಯವಾಗಿರುವ ನಾಯಿಯ ಮೈ ಬಿಸಿ 38ರಿಂದ 39 ಡಿಗ್ರಿಯ ಆಸುಪಾಸು. 41 ದಾಟಿದರೆ ಒಳಗಿನ ಅಂಗಗಳು ಹಾಳಾಗಲು ಶುರು. ಗಿಡ್ಡ ಮೂಗಿನ ನಾಯಿ ತೇಕಿದಷ್ಟೂ ಗಂಟಲು ಬಾತು ದಾರಿ ಇನ್ನೂ ಕಿರಿದಾಗುತ್ತದೆ. ತಂಪಾಗಲು ಮಾಡುವ ಕೆಲಸವೇ ಅದನ್ನು ಇನ್ನಷ್ಟು ಬಿಸಿ ಮಾಡುತ್ತದೆ. ಬೆಳಗಾವಿ ವಿಜಯಪುರ, ಬಾಗಲಕೋಟೆಗಿಂತ ತಂಪು, ನಿಜ. ಆದರೆ ಏಪ್ರಿಲ್ ಮಧ್ಯಾಹ್ನ ನಮ್ಮ ಶೀಟಿನ ಮನೆಯ ಮಾಳಿಗೆ ಕೋಣೆಯಲ್ಲಿ ಒಂದು ವಾರ ಥರ್ಮಾಮೀಟರ್ ನೇತು ಹಾಕಿ ನೋಡಿದೆ. ಮಗಳು ನಾಯಿಗೆಂದು ಆರಿಸಿಟ್ಟಿದ್ದ ಕೋಣೆ ಅದು. ಮೂರು ಗಂಟೆಗೆ 39 ಮುಟ್ಟುತ್ತಿತ್ತು. ಆ ಕೋಣೆ ಅಂದೇ ರದ್ದು. ಕೆಳಗಿನ ಪಡಸಾಲೆ, ಶಹಾಬಾದ್ ಕಲ್ಲಿನ ನೆಲ, ಅಲ್ಲೇ ಜಾಗ ಅಂತ ಆಯ್ತು.

ಉಳಿದ ರೋಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸೊಂಟದ ಕೀಲು ಸಡಿಲ, ಇದು ಬುಲ್‌ಡಾಗ್‌ಗಳಲ್ಲಿ ವಿಪರೀತ. ಕಣ್ಣಿನ ಮೂಲೆಯಿಂದ ಕೆಂಪು ಗಡ್ಡೆ ಹೊರ ಬರುವುದು, ರೆಪ್ಪೆ ಒಳಕ್ಕೆ ಮಡಚಿ ಕಣ್ಣು ತಿಕ್ಕುವುದು. ಮುಖದ ನೆರಿಗೆಯಲ್ಲಿ, ಬಾಲದ ಬುಡದ ಗುಳಿಯಲ್ಲಿ ತೇವ ಕೂತು ಚರ್ಮ ಹಣ್ಣಾಗುವುದು. ನಮ್ಮ ಮಳೆಗಾಲಕ್ಕೆ ಇದು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಬಟ್ಟೆಯೇ ಒಣಗುವುದಿಲ್ಲ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2022ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಅಲ್ಲಿ ನಾಯಿಗಳ ಸರಾಸರಿ ಆಯಸ್ಸು 11.2 ವರ್ಷ. ಇಂಗ್ಲಿಷ್ ಬುಲ್‌ಡಾಗಿನದು 7.4. ಇದನ್ನು ಮಗಳಿಗೆ ಹೇಳಿದೆ. ಅವಳಿಗೆ ಆಗ ಹನ್ನೆರಡು. ಬೆರಳು ಮಡಚಿ ಎಣಿಸಿ, "ಅಂದ್ರ ನಾ ಡಿಗ್ರಿ ಮುಗಸೋದ್ರಾಗ…" ಅಂತ ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಎರಡು ದಿನ ಆ ಮಾತು ಎತ್ತಲಿಲ್ಲ. ಮೂರನೇ ದಿನ, "ಆದ್ರೂ ಬೇಕಪ್ಪಾ" ಅಂದಳು.

ಸ್ವಭಾವದ ವಿಚಾರಕ್ಕೆ ಓದಿದ್ದರಿಂದ ಏನೂ ಆಗಲಿಲ್ಲ. ಎಲ್ಲರೂ ಶಾಂತ, ಪ್ರೀತಿ, ಹಠಮಾರಿ ಅಂತ ಅದೇ ಮೂರು ಮಾತು ಬರೆದಿರುತ್ತಾರೆ. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ನಮ್ಮ ಪರಿಚಯದ ಒಬ್ಬ ಕಾಕಾ ಐದು ವರ್ಷದ ಗಂಡು ಬುಲ್‌ಡಾಗ್ ಸಾಕಿದ್ದರು. ಕೇಳಿಕೊಂಡು ಎಂಟು ಭಾನುವಾರ ಅವರ ಮನೆಗೆ ಹೋದೆ. ಬೇರೆ ಬೇರೆ ಹೊತ್ತಿಗೆ ಹೋದೆ, ಬೇಕಂತಲೇ. ಬೆಲ್ ಹೊಡೆದರೆ ಬೊಗಳುವುದಿಲ್ಲ, ಎದ್ದು ಬಂದು ಕಾಲಿಗೆ ಆತು ನಿಲ್ಲುತ್ತದೆ. ಮನೆ ಕಾಯಲು ಇದನ್ನು ತರುವವರು ಒಂದು ದೊಡ್ಡ ಬೀಗ ತಂದರೆ ಸಾಕು. ಮೊಮ್ಮಕ್ಕಳು ಕಿವಿ ಎಳೆದರೂ ಅಲ್ಲಾಡುವುದಿಲ್ಲ. ಊಟದ ತಟ್ಟೆಯ ಹತ್ತಿರ ಇನ್ನೊಂದು ನಾಯಿ ಬಂದರೆ ಮಾತ್ರ ಬೇರೆಯೇ ಪ್ರಾಣಿ. ಜೊಲ್ಲು ಗೋಡೆಗೂ ಇತ್ತು. ಹೂಸಿನ ವಾಸನೆಗೆ ನನ್ನ ಹೆಂಡತಿ ಮೊದಲ ದಿನವೇ ವರಾಂಡಕ್ಕೆ ಹೋಗಿ ಕೂತಳು.

ವಾಕಿಂಗಿಗೆ ಹೋದಾಗ ಇನ್ನೂರು ಹೆಜ್ಜೆ ನಡೆದು ರಸ್ತೆ ಮಧ್ಯೆ ಮಲಗಿಬಿಟ್ಟಿತು. "ಭಾರೀ ಹಠ ಐತಿ ಕಾಕಾ" ಅಂದೆ. ಅವರು ಬಗ್ಗಿ ಅದರ ಎದೆ ಸವರುತ್ತ, "ನಾನೂ ಎರಡು ವರ್ಷ ಹಂಗ ತಿಳಕೊಂಡಿದ್ನಿ. ಹಠ ಅಲ್ಲೋ ಮಾರಾಯಾ ಇದು. ದಮ್ಮು ಹತ್ತಿರತೈತಿ, ಅದಕ್ಕ ಕೂಡತೈತಿ" ಅಂದರು. ನಾಯಿಯ ಸ್ವಭಾವ ಅಂತ ನಾವು ಹೇಳುವುದರಲ್ಲಿ ಎಷ್ಟು ಪಾಲು ಉಸಿರಿನ ಕಷ್ಟವೋ ಯಾರಿಗೆ ಗೊತ್ತು. ಸೋಮಾರಿ ಅನ್ನುತ್ತೇವೆ, ಗೊರಕೆಗೆ ನಗುತ್ತೇವೆ. ಅದು ಕೂತಲ್ಲೇ ತಲೆ ಎತ್ತಿಕೊಂಡು ನಿದ್ದೆ ಮಾಡಿದರೆ ವಿಡಿಯೋ ಮಾಡುತ್ತೇವೆ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಅದು ಹಾಗೆ ಕೂತಿರುತ್ತದೆ.

ಓಣಿಯವರದ್ದು ಇನ್ನೊಂದು ಕಥೆ. "ಬುಲ್‌ಡಾಗ್ ಬ್ಯಾನ್ ಆಗೇತಂತಲ್ರೀ, ಮಂದಿ ಕಡಿತಾವಂತ" ಅಂದರು ಎದುರು ಮನೆಯವರು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ಜಾತಿಯ ನಾಯಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು. ಅದರಲ್ಲಿದ್ದದ್ದು ಅಮೆರಿಕನ್ ಬುಲ್‌ಡಾಗ್. ಎತ್ತರದ, ಓಡುವ, ಬೇರೆಯೇ ನಾಯಿ ಅದು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನೇ ರದ್ದು ಮಾಡಿತು. ನಾನು ಹುಡುಕುತ್ತಿದ್ದದ್ದು 23–25 ಕಿಲೋ ತೂಗುವ ಇಂಗ್ಲಿಷ್ ಬುಲ್‌ಡಾಗ್. ಗೂಳಿ ಕೆಣಕುವ ಆಟಕ್ಕೆ ಹುಟ್ಟಿದ ಜಾತಿ ಹೌದು, ಆದರೆ ಬ್ರಿಟನ್ನಿನಲ್ಲಿ ಆ ಆಟ ನಿಂತಿದ್ದು 1835ರಲ್ಲಿ. ಇದೆಲ್ಲ ಹೇಳಿದರೂ ಎದುರು ಮನೆಯವರು ಈಗಲೂ ಗೇಟಿನ ಹೊರಗೇ ನಿಂತು ಮಾತಾಡುತ್ತಾರೆ.

ಇನ್ನು ಮಾರುವವರು. ಹದಿನಾಲ್ಕು ಜನಕ್ಕೆ ಫೋನ್ ಮಾಡಿದೆ. "ಪೇಪರ್ ಜೊತೆಗೆ ಇಷ್ಟು, ಪೇಪರ್ ಇಲ್ದೆ ಇಷ್ಟು" ಅಂತಲೇ ಮಾತು ಶುರು. ಪೇಪರ್ ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ. ನನಗೂ ಮೊದಲು ಅದೇ ದೊಡ್ಡದು ಅನಿಸಿತ್ತು. ಅದರಲ್ಲಿ ಅಪ್ಪ, ಅವ್ವ, ಅಜ್ಜ ಯಾರು ಅಂತ ಇರುತ್ತದೆ. ಅಜ್ಜನಿಗೆ ಉಸಿರಾಡಲು ಬರುತ್ತಿತ್ತಾ ಅಂತ ಇರುವುದಿಲ್ಲ. ಒಬ್ಬರು ನೀಲಿ ಬಣ್ಣದ ಮರಿಗೆ, ಚುಕ್ಕೆ ಚುಕ್ಕೆ ಮರ್ಲ್ ಮರಿಗೆ ಡಬಲ್ ರೇಟ್ ಹೇಳಿದರು, ಅಪರೂಪದ್ದಂತೆ. ಬುಲ್‌ಡಾಗಿನ ಅಧಿಕೃತ ಮಾನದಂಡದಲ್ಲಿ ಆ ಬಣ್ಣಗಳಿಗೆ ಜಾಗವೇ ಇಲ್ಲ. ಎರಡು ಮರ್ಲ್ ನಾಯಿ ಕೂಡಿಸಿದರೆ ಕಿವುಡು, ಕುರುಡು ಮರಿ ಹುಟ್ಟುವ ಅಪಾಯ ಬೇರೆ. ಇನ್ನೊಬ್ಬರು ಐದು ವಾರದ ಮರಿಯನ್ನು ರಾತ್ರಿ ಬಸ್ಸಿಗೆ ಹಾಕಿ ಕಳಿಸುತ್ತೇನೆ ಅಂದರು, ಪಾರ್ಸಲ್ ಹಾಗೆ. ನಮ್ಮ ದೇಶದಲ್ಲಿ ನಾಯಿ ಸಾಕಿ ಮಾರಲು 2017ರ ನಿಯಮಗಳಿವೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಹೆಣ್ಣು ನಾಯಿಗೆ ವರ್ಷಕ್ಕೆ ಒಂದೇ ಸೂಲು. ನೋಂದಣಿ ಸಂಖ್ಯೆ ಕೇಳಿದ್ದಕ್ಕೆ ಐದು ಜನ ಫೋನ್ ಇಟ್ಟರು.

ನನ್ನ ಹತ್ತಿರ ಎರಡು ಪ್ರಶ್ನೆ ಇದ್ದವು, ಅವೇ ಸುತ್ತಿಗೆಯ ಪೆಟ್ಟು. ಒಂದು, ತಾಯಿಗೆ ಎಷ್ಟು ಸಲ ಸಿಸೇರಿಯನ್ ಆಗಿದೆ? 2010ರಲ್ಲಿ ಬಂದ ಬ್ರಿಟನ್ನಿನ ಒಂದು ಸಮೀಕ್ಷೆಯಲ್ಲಿ ಬುಲ್‌ಡಾಗ್ ಸೂಲುಗಳಲ್ಲಿ ನೂರಕ್ಕೆ 86 ಸಿಸೇರಿಯನ್. ಮರಿಯ ತಲೆ ದೊಡ್ಡದು, ತಾಯಿಯ ಸೊಂಟ ಕಿರಿದು. ಹಾಗಿರುವಾಗ "ನಮ್ಮಲ್ಲಿ ಎಲ್ಲಾ ನಾರ್ಮಲ್ ಡೆಲಿವರಿ" ಅಂತ ನಾಲ್ಕೈದು ನಾಯಿ ಸಾಕಿದವರು ಅಂದರೆ ನಂಬುವುದು ಕಷ್ಟ. ಎರಡನೆಯದು, ಮಧ್ಯಾಹ್ನ ಎರಡಕ್ಕೆ ಬಂದು ಅಪ್ಪ ಅವ್ವನ ಜೊತೆ ಸ್ವಲ್ಪ ನಡೆಯಬಹುದಾ? ಇದಕ್ಕೆ ಎಲ್ಲರೂ ಮುಂಜಾನೆ ಬನ್ನಿ ಅನ್ನುತ್ತಿದ್ದರು.

ಪುಣೆಯ ಒಬ್ಬ ಹೆಣ್ಣುಮಗಳು ಮಾತ್ರ ಬನ್ನಿ ಅಂದರು. ಎರಡು ಸಿಸೇರಿಯನ್ ಆಗಿದೆ, ಇನ್ನು ಮರಿ ಹಾಕಿಸುವುದಿಲ್ಲ ಅಂತ ತಾವೇ ಹೇಳಿದರು. ಆಮೇಲೆ ನನ್ನ ವಿಚಾರಣೆ ಶುರುವಾಯಿತು. ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ? ಕರೆಂಟ್ ಹೋದರೆ ಏನು ಮಾಡುತ್ತೀರಿ? ರಾತ್ರಿ ಎರಡಕ್ಕೆ ಉಸಿರು ಕಟ್ಟಿದರೆ ಯಾವ ಡಾಕ್ಟರ್ ಬರುತ್ತಾರೆ? ಕೊನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಥಣಿಯಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಆದರೆ ರಾತ್ರಿ ಉಸಿರು ಕಟ್ಟಿದ ನಾಯಿಗೆ ಅದು ದೂರವೇ. ಉತ್ತರ ಹುಡುಕಿಕೊಂಡು ಫೋನ್ ಮಾಡಿ ಅಂದರು. ನಮ್ಮ ಊರಿನಲ್ಲಿ ರಾತ್ರಿ ಫೋನ್ ಎತ್ತುವ, ಆಕ್ಸಿಜನ್ ಇರುವ ಒಂದು ಕ್ಲಿನಿಕ್ ಸಿಗಲು ಮೂರು ವಾರ ಹಿಡಿಯಿತು.

ಫೋನ್ ಮಾಡಿದಾಗ ಅವರು ಹೇಳಿದ್ದು ನಾನು ಯೋಚಿಸದ ಮಾತು. ಮರಿ ಯಾಕೆ ಬೇಕು? ಎಂಟು ವಾರದ ಮರಿಯಲ್ಲಿ ಉಸಿರಿನ ತೊಂದರೆ ಬಹಳ ಸಲ ಕಾಣುವುದಿಲ್ಲ. ಬೆಳೆಯುತ್ತ ಬೆಳೆಯುತ್ತ ಹೊರ ಬರುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದವರು ರೂಪಿಸಿದ ಪರೀಕ್ಷೆಯನ್ನೂ ವರ್ಷ ತುಂಬಿದ ನಾಯಿಗೇ ಮಾಡುವುದು. ಮೊದಲು ಗಂಟಲ ಹತ್ತಿರ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ. ಮೂರು ನಿಮಿಷ ಚುರುಕಾಗಿ ನಡೆಸಿ ಮತ್ತೆ ಕೇಳುತ್ತಾರೆ. ಸೊನ್ನೆಯಿಂದ ಮೂರರ ತನಕ ದರ್ಜೆ, ಸೊನ್ನೆ ಅಂದರೆ ತೊಂದರೆ ಇಲ್ಲ, ಮೂರು ಅಂದರೆ ವಿಪರೀತ. ಅವರು ಮೊದಲು ಕೊಟ್ಟಿದ್ದ ಒಂದು ಹೆಣ್ಣು ನಾಯಿ ವಾಪಸ್ ಬಂದಿತ್ತು, ಸಾಕಿದವರು ವಿದೇಶಕ್ಕೆ ಹೋಗಿದ್ದರು. ಮೂರು ವರ್ಷ, ಗರ್ಭಕೋಶದ ಆಪರೇಷನ್ ಆಗಿದೆ. ಅಂದರೆ ಮರಿ ಮಾರುವ ವಿಚಾರಕ್ಕೆ ನನ್ನ ಕಡೆಯಿಂದಲೂ ಬಾಗಿಲು ಬಂದ್.

ಅಕ್ಟೋಬರ್ ಮಧ್ಯಾಹ್ನ ಪುಣೆಗೆ ಹೋದೆವು, ಅವ್ವನೂ ಬಂದಳು. ಅಲ್ಲಿನ ಡಾಕ್ಟರ್ ಮುಂದೆ ಮಗಳು ಹಗ್ಗ ಹಿಡಿದು ಮೂರು ನಿಮಿಷ ನಡೆಸಿದಳು. ನಾನು ಗಡಿಯಾರ ನೋಡುತ್ತಿದ್ದೆ. ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಡಾಕ್ಟರ್ ಒಂದನೇ ದರ್ಜೆ ಅಂದರು. ಸ್ವಲ್ಪ ಸದ್ದಿದೆ, ಸದ್ಯಕ್ಕೆ ತೊಂದರೆ ಇಲ್ಲ, ತೂಕ ಏರಿದರೆ ಕೆಡುತ್ತದೆ. ಸೊಂಟದ ಎಕ್ಸ್‌ರೇ ಅಷ್ಟು ಚೆನ್ನಾಗಿರಲಿಲ್ಲ. ಅದನ್ನೂ ಲೈಟಿಗೆ ಹಿಡಿದು ತೋರಿಸಿದರು. ಒಪ್ಪಿಕೊಂಡೆವು. ರಾತ್ರಿ ಎಂಟಕ್ಕೆ ಹೊರಟು, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ಹಾದು, ಬಿಸಿಲು ಏಳುವ ಮೊದಲೇ ಮನೆ ಸೇರಿದೆವು. ನಾಯಿ ದಾರಿಯುದ್ದಕ್ಕೂ ಅವ್ವನ ಕಾಲ ಮೇಲೆ ತಲೆ ಇಟ್ಟು ಮಲಗಿತ್ತು.

ಹೆಸರು ಗುಂಡವ್ವ, ಅವ್ವ ಇಟ್ಟಿದ್ದು. ಮುಂಜಾನೆ ಐದೂವರೆಗೆ ವಾಕಿಂಗ್, ಕೊರಳಿಗೆ ಪಟ್ಟಿ ಇಲ್ಲ, ಎದೆಗೆ ಹಾಕುವ ಹಾರ್ನೆಸ್. ಸ್ನಾನ ಆದ ಮೇಲೆ ನೆರಿಗೆಗಳನ್ನು ಒಣ ಪಂಚೆಯ ತುಂಡಿನಿಂದ ಒರೆಸುವುದು ಮಗಳ ಕೆಲಸ, ಬಾಲದ ಗುಳಿ ನನ್ನ ಪಾಲಿಗೆ. ತಿಂಗಳ ಮೊದಲ ಶನಿವಾರ ಶಾಪಿಗೆ ಕರೆದುಕೊಂಡು ಹೋಗಿ ಕಾಸ್ಟಿಂಗ್ ತೂಗುವ ಕಾಟಾದ ಮೇಲೆ ನಿಲ್ಲಿಸುತ್ತೇನೆ. ಬಂದಾಗ 23 ಕಿಲೋ 400 ಗ್ರಾಂ. ದೀಪಾವಳಿ ಆದ ಮೇಲೆ 24 ಕಿಲೋ 900. ಯಾರು ಕರಜಿಕಾಯಿ ತಿನ್ನಿಸಿದ್ದು ಅಂತ ಕೇಳಿದರೆ ಅವ್ವ ಗೋಡೆ ಕಡೆ ನೋಡುತ್ತಾಳೆ. ರಾತ್ರಿ ಮಾತ್ರ ಅವಳೇ ಅದರ ಪಕ್ಕ ಕೂತು, ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸುತ್ತಾಳೆ. ಮೂವತ್ತರ ಒಳಗಿದ್ದರೆ ಲೈಟ್ ಆರಿಸುತ್ತಾಳೆ.