ಐದು ಗಿಡದ ಎಲೆ ಕೂಡಿಸಿ ಅರೆದು ಕೆಟ್ಟೆ

ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ತೋರಿಸುವುದು ಜೆಲ್. ಎರಡು ವರ್ಷ ನನ್ನ ಜೆಲ್ ನೋಡಿದವರದ್ದೆಲ್ಲ ಒಂದೇ ಮಾತು: "ಕಂಟ್ಯಾಮಿನೇಷನ್ (ಬೇರೆ ಡಿಎನ್‌ಎ ಬೆರೆತಿದೆ), ಮತ್ತೆ ಮಾಡು."

ಕಲಘಟಗಿ, ಹಾನಗಲ್ ಕಡೆಯ ಕೂರಿಗೆ ಭತ್ತದ ಹಳೇ ತಳಿಗಳಲ್ಲಿ ಬೆಂಕಿ ರೋಗ ತಡೆಯುವ ಪಿಐ-54 ಜೀನ್ ಹುಡುಕುತ್ತಿದ್ದೆ. ಜೀನ್ ಇದ್ದರೆ ಜೆಲ್‌ನಲ್ಲಿ 216 ಬೇಸ್ ಜೋಡಿ ಉದ್ದದ ತುಣುಕಿನ ಗೆರೆ (ಬ್ಯಾಂಡ್) ಬರುತ್ತದೆ, ಇಲ್ಲದಿದ್ದರೆ 359ರದು. ನನಗೆ ಎರಡೂ ಬರುತ್ತಿದ್ದವು. ಆದರೆ ಹೋಲಿಕೆಗೆ ಇಟ್ಟಿದ್ದ, ಈ ಜೀನ್ ಇರುವ ಟೆಟೆಪ್ ತಳಿ ಪ್ರತಿ ಸಲ 216 ಒಂದನ್ನೇ ತೋರಿಸುತ್ತಿತ್ತು. ಕಂಟ್ಯಾಮಿನೇಷನ್ ಆಗಿದ್ದರೆ ಅದೂ ಕೆಡಬೇಕಿತ್ತು ಅಲ್ವಾ?

ಜೀನ್ ಇರುವ ಜಾಗ ಹಿಡಿಯುವ ಪ್ರೈಮರ್ ಎರಡು ಸಲ ಬದಲಿಸಿದೆ. ಡಿಎನ್‌ಎ ನಕಲು ಮಾಡುವ ಟ್ಯಾಕ್ ಕಿಣ್ವ ಹೊಸದು ತರಿಸಿದೆ. ಒಂದು ರಾತ್ರಿ ಕರೆಂಟ್ ಹೋಗಿ ಅದೂ ಹಾಳು. ಹದಿನೆಂಟು-ಇಪ್ಪತ್ತು ಸಾವಿರ ನೀರಿಗೆ ಹೋಯಿತು, ಅರ್ಧ ನನ್ನ ಜೇಬಿನದು.

ಸಿಕ್ಕು ಬಿಡಿಸಿದ್ದು ಹಾನಗಲ್ ಕಡೆಯ ಒಬ್ಬ ಅಜ್ಜ. ಬೀಜ ಕೇಳಲು ಹೋದಾಗ ಎರಡು ತೆನೆ ಕೈಗಿಟ್ಟರು. "ಇದರ ಮೈ ಕೆಂಪ, ಇದರದ ಬಿಳೇದು. ಎರಡೂ ಒಂದ ಚೀಲದ ಬೀಜ ನೋಡ್ರಿ." ತಳಿಯೇ ಬೆರಕೆ! ನಾನು ಐದೈದು ಗಿಡದ ಎಲೆ ಒಟ್ಟಿಗೆ ಅರೆಯುತ್ತಿದ್ದೆ.

ಅವತ್ತಿಂದ ಒಂದು ಗಿಡಕ್ಕೆ ಒಂದು ಟ್ಯೂಬ್. ಜೋಡಿ ಬ್ಯಾಂಡ್ ಮಾಯ. ಒಂದು ತಳಿಯ ಹನ್ನೆರಡು ಗಿಡಗಳಲ್ಲಿ ಏಳರಲ್ಲಿ ಜೀನ್, ಐದರಲ್ಲಿ ಇಲ್ಲ. ಎಲೆ ಇಪ್ಪತ್ತು ದಿನದೊಳಗಿನದೇ ಇರಲಿ. ಎಲೆಯ ಅಂಟು ಹೋಗಲು, ಡಿಎನ್‌ಎ ತೆಗೆಯುವ ಸಿಟಿಎಬಿ ದ್ರಾವಣದ ಜೊತೆ ಒಂದು ಪುಡಿ ಹಾಕುತ್ತೇನೆ. ಯಾವುದೆಂದು ಪೇಪರ್ ಬರೋವರೆಗೆ ಕೇಳಬೇಡಿ.

ತೇವ ಹೀರುವ ಸಿಲಿಕಾ ಜೆಲ್ ದುಬಾರಿ ಅಂತ ಹುರಿದ ಅಕ್ಕಿ ಡಬ್ಬಿಯಲ್ಲಿ ಎಲೆ ಒಣಗಿಸಿದ್ದೂ ಉಂಟು. "ಭತ್ತದ ಡಿಎನ್‌ಎ ತೆಗೆಯೋಕೆ ಅಕ್ಕಿಯಲ್ಲೇ ಹೂಳ್ತೀಯಲ್ಲೋ!" ಅಂತ ಗೈಡ್ ನಕ್ಕರು. ಜೋಳಕ್ಕೆ ಬದಲಿಸಿದೆ. ಪರವಾಗಿಲ್ಲ, ನಡೆಯುತ್ತದೆ.

ಬ್ಯಾಂಡ್ ನಂಬದವರಿಗಾಗಿ ಗಿಡಕ್ಕೊಂದು ಸಾಲು ಬಿತ್ತಿದೆ. ರೋಗ ಬರಲೆಂದೇ ಸುತ್ತ ಬೇಗ ಬೆಂಕಿ ರೋಗ ಹಿಡಿಯುವ ಎಚ್‌ಆರ್-12 ತಳಿ, ಯೂರಿಯಾ ಜಾಸ್ತಿ, ರಾತ್ರಿ ಒದ್ದೆ ಗೋಣಿಚೀಲದ ಹೊದಿಕೆ. ಮೂರು ವಾರಕ್ಕೆ ಎಚ್‌ಆರ್-12 ಸುಟ್ಟಂತಾಗಿ ರೋಗದ ಸ್ಕೋರ್ 9 (0ಯಿಂದ 9ರ ಅಳತೆಯಲ್ಲಿ ಅತಿ ಕೆಟ್ಟದ್ದು). ಜೀನ್ ಇದ್ದ ಏಳರಲ್ಲಿ ಐದು ಸಾಲು 3 ದಾಟಲಿಲ್ಲ. ಉಳಿದೆರಡಕ್ಕೆ ನೂಲುವ ಕದಿರಿನಾಕಾರದ ಮಚ್ಚೆ ಬಿತ್ತು. ನಡುವೆ ಬೂದಿ, ಅಂಚು ಕಂದು. ಬ್ಯಾಂಡ್ ಇದ್ದ ಮಾತ್ರಕ್ಕೆ ಜೀನ್ ಕೆಲಸ ಮಾಡುತ್ತದೆ ಅಂತಲ್ಲ. ಅವೆರಡರ ಬೀಜ ಬೇರೆ ಇಟ್ಟಿದ್ದೇನೆ.

"ಕಂಟ್ಯಾಮಿನೇಷನ್" ಅಂದಿದ್ದ ಹಿರಿಯರ ವಿದ್ಯಾರ್ಥಿಗಳು ಈಗ ಒಂದೊಂದೇ ಗಿಡದ ಎಲೆ ಹಿಡಿದು ಬರುತ್ತಾರೆ. ತೆನೆಯ ಕುತ್ತಿಗೆಗೆ ಬರುವ ಬೆಂಕಿ ರೋಗ ಮಾತ್ರ ಇನ್ನೂ ನೋಡಿಲ್ಲ. ಆ ಐದು ಸಾಲು ಈ ಮುಂಗಾರಿಗೆ ಧಾರವಾಡದ ಬಳಿಯ ಮುಗದದ ಕಡೆ ಬಿತ್ತಬೇಕು.