ಮಳೆಗಾಲದ ತೇವ ಮತ್ತು ನನ್ನ ಪ್ರೋಟೀನ್ ಸೀಸೆ

ಕಾರವಾರದಲ್ಲಿ ಆಷಾಢದ ಮಳೆ. ಮೂರು ವಾರದಿಂದ ನಮ್ಮ ಲ್ಯಾಬಿನ ತಟ್ಟೆಗಳಲ್ಲಿ ಜೀವಕೋಶಗಳು ಬೆಳೆಯುತ್ತಲೇ ಇರಲಿಲ್ಲ. ಅವು ಬೆಳೆಯಲೆಂದು ಹಾಕುವ, ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಾದ ಮಾನವ ಎಫ್‌ಜಿಎಫ್-2 ಪ್ರೋಟೀನೇ ಕೆಟ್ಟಿದೆಯೆಂದು ಗುಮಾನಿ ಬಂತು. ತಪ್ಪು ನನ್ನ ಕೈಯದ್ದೇ. ಮೈನಸ್ 20 ಡಿಗ್ರಿ ಫ್ರೀಜರಿನಿಂದ ತೆಗೆದ ಸೀಸೆಯನ್ನು ತಣ್ಣಗಿರುವಾಗಲೇ ತೆರೆಯುತ್ತಿದ್ದೆ. ಕಡಲ ಗಾಳಿಯ ತೇವ ಒಳನುಗ್ಗಿ, ಪ್ರೋಟೀನಿನ ಬಿಳಿ ಪುಡಿ ಕಣ್ಣೆದುರೇ ಗಾಜಿಗೆ ಮೆತ್ತಿಕೊಂಡಿತ್ತು. ಮೇಲಿಂದ ಕರೆಂಟು ಹೋದಾಗಲೆಲ್ಲ ಕರಗಿಸಿಟ್ಟ ದ್ರಾವಣ ನೀರಾಗಿ ಮತ್ತೆ ಹೆಪ್ಪುಗಟ್ಟುತ್ತಿತ್ತು. ಪ್ರೋಟೀನಿಗೆ ಇದು ದೊಡ್ಡ ಪೆಟ್ಟು.

ಈಗ ಮುಚ್ಚಿದ ಸೀಸೆಯನ್ನು ಅರ್ಧ ಗಂಟೆ ಹೊರಗಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತುಸು ತಿರುಗಿಸಿ, ಪುಡಿ ತಳಕ್ಕಿಳಿದ ಮೇಲೆಯೇ ಮುಚ್ಚಳ ತೆಗೆಯುತ್ತೇನೆ. ನೊರೆಯೇಳದಂತೆ ಮೆಲ್ಲಗೆ ಕರಗಿಸಿ, ಟ್ಯೂಬಿನ ಗೋಡೆಗೆ ಅಂಟದಿರಲೆಂದು ಶೇ. 0.1 ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನು) ಸೇರಿಸಿ, 10 ಮೈಕ್ರೋಲೀಟರಿನಂತೆ ಹಂಚಿ, ಜನರೇಟರ್ ಇರುವ ಮೈನಸ್ 80ರ ಫ್ರೀಜರಿಗೆ. ಒಂದು ಟ್ಯೂಬು, ಒಂದೇ ಸಲ. ಮೊನ್ನೆ ನೋಡಿದರೆ ಜೀವಕೋಶಗಳು ತಟ್ಟೆ ತುಂಬ ಹಬ್ಬಿದ್ದವು.